ಹಿಂದಿನ ಕೋಣೆಯ ಸಿಗ್ನಲ್

ಜನವರಿ 9

ತಂಗಿಗೆ,

ಕವರಿನ ಮೇಲೆ ನನ್ನ ಅಕ್ಷರ ಕಂಡು ನಿನ್ನ ಎದೆ ಧಸಕ್ಕೆಂದಿರಬಹುದು. ಅಪ್ಪನಿಗೆ ಏನೂ ಆಗಿಲ್ಲ. ಹೇಗಿದ್ದರೋ ಹಾಗೇ ಇದ್ದಾರೆ. ಫೋನು ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣ ನಿನಗೂ ಗೊತ್ತು. ಫೋನಿನಲ್ಲಿ ನಾವಿಬ್ಬರೂ ಎರಡು ನಿಮಿಷ ದಾಟುವುದಿಲ್ಲ, ಮೂರನೆಯದಕ್ಕೆ ಯಾರಾದರೊಬ್ಬರು ಕಿರುಚಿರುತ್ತೇವೆ. ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಹೋಗಿದ್ದರೂ ಕಿವಿ ಎರಡೂ ಚೆನ್ನಾಗಿವೆ. ಕಾಗದದ ಮೇಲೆ ಕಿರುಚಿದರೆ ಅವರಿಗೆ ಕೇಳಿಸುವುದಿಲ್ಲ.

ನನಗೆ ಬೇಕಾಗಿರುವುದು ನಿನ್ನ ಕಸುಬಿಗೆ ಸಂಬಂಧಪಟ್ಟ ಒಂದು ಸಲಹೆ, ಅಷ್ಟೇ. ಹಲ್ಲಿನ ಸೆಟ್ ಮಾಡುವ ನಮ್ಮ ಲ್ಯಾಬಿನ ಯಜಮಾನರು ಮಾರ್ಚ್‌ನಿಂದ ಅರ್ಧ ದಿನವಾದರೂ ಬಾ ಎಂದಿದ್ದಾರೆ. ಬರದಿದ್ದರೆ ನನ್ನ ಮೇಜಿಗೆ ಬೇರೆಯವರು ಬರುತ್ತಾರೆ. ಎರಡು ವರ್ಷ ಕಾದಿದ್ದಾರೆ, ಅವರನ್ನು ಬೈಯುವ ಹಾಗಿಲ್ಲ. ಬೆಳಗ್ಗೆ ಎಂಟರಿಂದ ಎರಡರವರೆಗೆ ಅಪ್ಪನನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ಸಿಕ್ಕಿದ್ದಾಳೆ. ಒಳ್ಳೆಯವಳ ಹಾಗೆ ಕಾಣುತ್ತಾಳೆ. ಆದರೆ ಕಾಣುವುದನ್ನೇ ನಂಬಿ ಹಾಸಿಗೆ ಹಿಡಿದವರನ್ನು ಬಿಟ್ಟುಹೋಗುವುದು ಹೇಗೆ? ಕೋಣೆಗೊಂದು ಕ್ಯಾಮೆರಾ ಹಾಕಿಸಿ ಕೆಲಸದ ನಡುವೆ ಫೋನಿನಲ್ಲಿ ಆಗಾಗ ನೋಡೋಣ ಎಂದುಕೊಂಡೆ.

ತೊಂದರೆ ಏನೆಂದರೆ, ಹಜಾರದ ವೈಫೈ ಹಿಂದಿನ ಕೋಣೆಗೆ ಬರುವುದಿಲ್ಲ. ಅಂಗಡಿಯವನು ರಿಪೀಟರ್ ಎಂದು ಒಂದನ್ನು ಕೊಟ್ಟ. ಫೋನಿನಲ್ಲಿ ಸಿಗ್ನಲ್ಲಿನ ಗೀಟೇನೋ ಪೂರ್ತಿ ತೋರಿಸುತ್ತದೆ, ಚಿತ್ರ ಮಾತ್ರ ಅಲ್ಲಾಡುವುದಿಲ್ಲ. ಏನು ಮಾಡಬೇಕೆಂದು ಬರೆ. ಬಿಡುವಿಲ್ಲದಿದ್ದರೆ ಬೇಡ, ಬೇರೆ ಯಾರನ್ನಾದರೂ ಕರೆಸುತ್ತೇನೆ.

ಅಕ್ಕ

---

ಜನವರಿ 17

ಅಕ್ಕ,

ಬೇರೆ ಯಾರನ್ನೂ ಕರೆಸಬೇಡ. ದಿನಬೆಳಗಾದರೆ ನಾನು ಮಾಡುವುದು ಇದೇ ಕೆಲಸ. ಊರಿನವರ ಆಫೀಸಿಗೆಲ್ಲ ಏಣಿ ಹತ್ತಿ ತಂತಿ ಎಳೆದವಳು ನಮ್ಮ ಮನೆಗೇ ಮಾಡಿರಲಿಲ್ಲ.

ರಿಪೀಟರನ್ನು ವಾಪಸು ಕೊಟ್ಟುಬಿಡು. ಅದು ಕಿವಿ ಮಂದವಾದ ಮಧ್ಯಸ್ಥನ ಹಾಗೆ. ಅರ್ಧಂಬರ್ಧ ಕೇಳಿಸಿಕೊಂಡು ಅದನ್ನೇ ಜೋರಾಗಿ ಕೂಗಿ ಹೇಳುತ್ತದೆ. ನಡುವೆ ಅಡುಗೆಮನೆಯ ಸ್ಟೀಲ್ ಕಪಾಟು, ಅದರ ಹಿಂದೆ ನೀರಿನ ತೊಟ್ಟಿ. ಇವೆರಡನ್ನೂ ದಾಟಿ ಅಲೆ ಆಚೆ ಹೋಗುವುದಿಲ್ಲ. ನಿನಗೆ ಬೇಕಾದ್ದು ಆಕ್ಸೆಸ್ ಪಾಯಿಂಟ್. ಹಜಾರದ ರೂಟರಿನಿಂದ ತಂತಿಯಲ್ಲೇ ಹಿಂದಿನ ಕೋಣೆಯವರೆಗೆ ಹೋಗಿ, ಅಲ್ಲಿ ಹೊಸದಾಗಿ ವೈಫೈ ಹರಡುವ ಪುಟ್ಟ ಪೆಟ್ಟಿಗೆ. ಪಾರ್ಸೆಲ್‌ನಲ್ಲಿ ಅದೂ ಇದೆ, ಮೂವತ್ತು ಮೀಟರ್ ಕೇಬಲ್ಲೂ ಇದೆ.

ಗೋಡೆ ಒಡೆಯುವುದು ಬೇಡ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಹಿಂದಿನ ಕೋಣೆಗೆ ಎರಡನೆಯ ಟೆಲಿಫೋನ್ ಎಳೆದದ್ದು ನೆನಪಿದೆಯಾ? ಊರಿನ ಲೈನ್‌ಮನ್ ಮನೆಯಲ್ಲೇ ಫೋನು ಓಡಾಡದಿದ್ದರೆ ಹೇಗೆ ಎಂದಿದ್ದರು. ನಾನು ಟಾರ್ಚು ಹಿಡಿದಿದ್ದೆ. ಆ ಪೈಪು ಗೋಡೆಯೊಳಗೆ ಹಾಗೇ ಇದೆ, ಅದರೊಳಗೆ ಹಳೆಯ ಫೋನಿನ ತಂತಿಯೂ ಇದೆ. ಹೊಸ ಕೇಬಲ್ಲಿನ ಬರಿ ತುದಿಯನ್ನು ಹಳೆಯ ತಂತಿಗೆ ಬಿಗಿಯಾಗಿ ಕಟ್ಟಿ ಮೇಲೆ ಟೇಪು ಸುತ್ತು. ಹಿಂದಿನ ಕೋಣೆಯಿಂದ ಹಳೆಯದನ್ನು ಎಳೆದರೆ ಹೊಸದು ಹಿಂದೆಯೇ ಬರುತ್ತದೆ. ಸಿಕ್ಕಿಕೊಂಡರೆ ಜಗ್ಗಬೇಡ. ಸ್ವಲ್ಪ ಹಿಂದಕ್ಕೆ ಬಿಟ್ಟು ಮತ್ತೆ ಎಳೆ.

ಬಂದ ತುದಿಗೆ ಪ್ಲಗ್ ಕೂರಿಸಬೇಕು. ಒಳಗೆ ಎಂಟು ಎಳೆ ಇರುತ್ತವೆ. ಬಣ್ಣದ ಕ್ರಮವನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ, ಒಂದು ಹೆಚ್ಚುಕಡಿಮೆಯಾದರೂ ದೀಪ ಹತ್ತುವುದಿಲ್ಲ. ಒತ್ತುವ ಇಕ್ಕಳವನ್ನೂ ಇಟ್ಟಿದ್ದೇನೆ.

ಪೆಟ್ಟಿಗೆಯ ಒಳಗಿನ ಸೆಟ್ಟಿಂಗ್ ನಾನೇ ಮಾಡಿ ಕಳಿಸುತ್ತಿದ್ದೇನೆ, ನೀನು ಕೈ ಹಾಕಬೇಕಿಲ್ಲ. ಮನೆಯ ಒಂದೊಂದು ಫೋನಿಗೂ ಒಂದೊಂದು ನಂಬರು ಹಂಚುವ ಕೆಲಸ ಹಜಾರದ ರೂಟರಿನದು. ಹೊಸ ಪೆಟ್ಟಿಗೆಯೂ ಹಂಚಲು ಹೊರಟರೆ ಒಂದೇ ನಂಬರು ಇಬ್ಬರಿಗೆ ಹೋಗಿ ಇಬ್ಬರೂ ಕೆಡುತ್ತಾರೆ. ಅದಕ್ಕೇ ಇದರ ಆ ಅಧಿಕಾರ ತೆಗೆದಿದ್ದೇನೆ. ಮನೆಗೆ ಯಜಮಾನರು ಒಬ್ಬರೇ ಇರಬೇಕು. ಹೆಸರು, ಪಾಸ್‌ವರ್ಡ್ ಎರಡೂ ಹಳೆಯವೇ. ಫೋನು ಹಿಡಿದು ನೀನು ಹಜಾರದಿಂದ ಕೋಣೆಗೆ ಹೋದರೆ ಅದೇ ತಾನಾಗಿ ಈಚೆಯದನ್ನು ಬಿಟ್ಟು ಆಚೆಯದನ್ನು ಹಿಡಿಯುತ್ತದೆ. ಪೆಟ್ಟಿಗೆಯನ್ನು ಕಪಾಟಿನ ಹಿಂದೆ ಅಡಗಿಸದೆ ಗೋಡೆಯ ಮೇಲೆ ಎತ್ತರದಲ್ಲಿ ಹಾಕು.

ಅಪ್ಪ ನನ್ನನ್ನು ಕೇಳುತ್ತಾರಾ?

ಗುಬ್ಬಿ

---

ಫೆಬ್ರವರಿ 4

ತಂಗಿಗೆ,

ಪಾರ್ಸೆಲ್ ಬಂತು. ಕೆಲಸ ಮುಗಿಯಿತು. ಹೇಗೆ ಮುಗಿಯಿತೆಂದು ತಿಳಿಯಬೇಕಾದ ಹಕ್ಕು ನಿನಗಿದೆ, ಬರೆಯುತ್ತೇನೆ.

ಮೊದಲು ಒಂದು ಮಾತು. ಎರಡನೆಯ ಫೋನು ಎಳೆದದ್ದು ನನಗೂ ನೆನಪಿದೆ. ನೀನು ಟಾರ್ಚು ಹಿಡಿದಿದ್ದೆ, ನಾನು ಸಿಮೆಂಟಿನ ಧೂಳು ಗುಡಿಸುತ್ತಿದ್ದೆ. ನನಗೂ ಹಿಡಿಯಲು ಕೊಡಿ ಎಂದದ್ದಕ್ಕೆ ಅಪ್ಪ, 'ನಿನ್ ಕೈ ನಡುಗತ್ತೆ ಬಿಡು' ಅಂದಿದ್ದರು. ಆ ನಡುಗುವ ಕೈ ಇವತ್ತು ಕೂದಲೆಳೆ ವ್ಯತ್ಯಾಸವಿಲ್ಲದ ಹಾಗೆ ಹದಿನಾಲ್ಕು ಹಲ್ಲು ಜೋಡಿಸುತ್ತದೆ. ಇರಲಿ.

ಭಾನುವಾರ ಬೆಳಗ್ಗೆ ಶುರು ಮಾಡಿದೆ. ಹಜಾರದ ಕಡೆ ಕೇಬಲ್ ಕಟ್ಟಿ, ಸುರುಳಿ ಬಿಡಿಸಿಟ್ಟು, ಹಿಂದಿನ ಕೋಣೆಗೆ ಬಂದು ಎಳೆದೆ. ಇಪ್ಪತ್ತು ಮೊಳ ಸಲೀಸಾಗಿ ಬಂದದ್ದು ಆಮೇಲೆ ನಿಂತುಬಿಟ್ಟಿತು. ನೀನು ಹೇಳಿದ ಹಾಗೆ ಹಜಾರಕ್ಕೆ ಹೋಗಿ ಹಿಂದಕ್ಕೆ ಬಿಟ್ಟೆ, ಕೋಣೆಗೆ ಬಂದು ಎಳೆದೆ, ಮತ್ತೆ ಹೋದೆ, ಮತ್ತೆ ಬಂದೆ. ಹತ್ತು ಸಲವಾದರೂ ಓಡಾಡಿದ್ದೇನೆ. ಅಪ್ಪ ಹಾಸಿಗೆಯಿಂದಲೇ ನೋಡುತ್ತಿದ್ದರು. ಆಮೇಲೆ ಎಡಗೈಯಿಂದ ಮಂಚದ ಪಕ್ಕದ ಗೋಡೆ ತಟ್ಟಿದರು. ನೀರು ಬೇಕೇನೋ ಎಂದುಕೊಂಡು ಕೊಡಲು ಹೋದರೆ ಲೋಟ ತಳ್ಳಿದರು. ಮತ್ತೆ ತಟ್ಟಿದರು, ಒಮ್ಮೆ ಕೆಳಗೆ, ಒಮ್ಮೆ ಮೇಲೆ, ಕೈ ಬಟ್ಟೆಯ ಬೀರುವಿನ ಕಡೆಗೆ ತಿರುಗಿಸಿದರು. ಆಗ ಹೊಳೆಯಿತು. ಪೈಪು ಎಲ್ಲಿ ಬಾಗಿದೆ ಎಂದು ಹೇಳುತ್ತಿದ್ದಾರೆ.

ಬೀರು ಸರಿಸಿದೆ. ಹಿಂದೆ ಅಂಗೈಯಗಲದ ಮುಚ್ಚಳ, ಸುಣ್ಣ ಬಳಿದು ಬಳಿದು ಕಾಣದ ಹಾಗಾಗಿತ್ತು. ಚಾಕುವಿನಿಂದ ಕೆರೆದು ತೆಗೆದರೆ ಕೇಬಲ್ಲಿನ ಗಂಟು ಅಲ್ಲೇ ಮೂಲೆಗೆ ಕಚ್ಚಿಕೊಂಡು ಕೂತಿತ್ತು. ಬೆರಳು ಹಾಕಿ ಬಿಡಿಸಿದೆ. ಆಮೇಲೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು. ಅಪ್ಪ ನಕ್ಕರು. ಅರ್ಧ ಮುಖದ ನಗು, ಆದರೂ ನಗುವೇ. ಎರಡು ವರ್ಷದಲ್ಲಿ ನಾವಿಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅದು. ಎಂಟು ಎಳೆ ಸಾಲಾಗಿ ಜೋಡಿಸಿ ಪ್ಲಗ್ ಒತ್ತಿದೆ. ಹಲ್ಲು ಜೋಡಿಸುವವಳಿಗೆ ಅದೇನು ಮಹಾ. ಮೊದಲ ಸಲಕ್ಕೇ ಹಸಿರು ದೀಪ ಹತ್ತಿತು.

ಅಪ್ಪ ಕೈ ಚಾಚಿದರು. ಹತ್ತಿರ ಹೋಗಿ ಕೂತೆ. ತಲೆ ಸವರಿ, ತೊದಲದೆ, ಸ್ಪಷ್ಟವಾಗಿ ಹೇಳಿದರು: 'ಶಭಾಷ್ ಗುಬ್ಬಿ.'

ಕೇಳುತ್ತಾರಾ ಎಂದು ಬರೆದಿದ್ದೆಯಲ್ಲ. ಕೇಳುವುದಿಲ್ಲ. ಅವರ ಪಾಲಿಗೆ ನೀನು ಇಲ್ಲೇ ಇದ್ದೀಯ. ಉಣಿಸುವವಳು, ತೊಳೆಯುವವಳು, ಮಗ್ಗುಲು ಬದಲಿಸುವವಳು ಗುಬ್ಬಿ. ದೊಡ್ಡವಳು ಎಲ್ಲಿಗೋ ಹೋಗಿದ್ದಾಳೆ.

ಕ್ಯಾಮೆರಾ ಯಾವುದು ತೆಗೆದುಕೊಳ್ಳಲಿ, ತಿಳಿಸು.

ಅಕ್ಕ

---

ಫೆಬ್ರವರಿ 13

ಅಕ್ಕ,

ನಿನ್ನ ಕಾಗದಕ್ಕೆ ಉತ್ತರ ಮೂರು ಸಲ ಬರೆದು ಹರಿದೆ.

ಕ್ಯಾಮೆರಾ ಕಳಿಸಿದ್ದೇನೆ. ಅದನ್ನೂ ನಾನೇ ಸಿದ್ಧಪಡಿಸಿದ್ದೇನೆ. ಪ್ಲಗ್ಗಿಗೆ ಹಾಕಿದರೆ ಸಾಕು, ಹಿಂದಿನ ಕೋಣೆಯ ವೈಫೈ ತಾನೇ ಹಿಡಿಯುತ್ತದೆ. ಚೀಟಿಯಲ್ಲಿರುವ ಹೆಸರು, ಪಾಸ್‌ವರ್ಡ್ ಹಾಕಿದರೆ ನಿನ್ನ ಫೋನಿನಲ್ಲಿ ಕೋಣೆ ಕಾಣುತ್ತದೆ. ಬಾಗಿಲ ಮೇಲಿನ ಮೂಲೆಯಲ್ಲಿ ಹಾಕು, ಅಲ್ಲಿಂದ ಮಂಚ ಪೂರ್ತಿ ಸಿಗುತ್ತದೆ. ಮಾತು ಕೇಳಿಸುವುದಿಲ್ಲ, ಚಿತ್ರ ಮಾತ್ರ.

ಬಣ್ಣದ ಎಳೆಗಳನ್ನು ಮೊದಲ ಸಲಕ್ಕೇ ಸರಿಯಾಗಿ ಒತ್ತಿದವರನ್ನು ನಾನು ನೋಡೇ ಇಲ್ಲ. ನಾನು ಮೊದಲ ವಾರ ಹನ್ನೊಂದು ಪ್ಲಗ್ ಹಾಳು ಮಾಡಿದ್ದೆ.

ಗುಬ್ಬಿ

---

ಮಾರ್ಚ್ 8

ತಂಗಿಗೆ,

ಲ್ಯಾಬಿಗೆ ಹೋಗಲು ಶುರು ಮಾಡಿ ಒಂದು ವಾರವಾಯಿತು. ನನ್ನ ಮೇಜು ಹಾಗೇ ಇದೆ. ಕುರ್ಚಿಯ ಎತ್ತರ ಮಾತ್ರ ಯಾರೋ ಬದಲಿಸಿದ್ದಾರೆ. ಪ್ಲಾಸ್ಟರಿನ ವಾಸನೆ ಮೂಗಿಗೆ ಬಡಿದಾಗ ಹೊಟ್ಟೆ ಹಸಿಯಿತು ಎಂದರೆ ನಗುತ್ತೀಯೇನೋ. ಹಸಿವಾಗಿ ಎಷ್ಟು ದಿನವಾಗಿತ್ತೋ.

ಬೆಳಗಿನ ಹೆಂಗಸು ಕೆಲಸ ಬಲ್ಲವಳು. ಗಂಜಿ ಕುಡಿಸುವಾಗ ಅಪ್ಪನ ಜೊತೆ ಏನೇನೋ ಹರಟುತ್ತಾಳೆ. ಫೋನಿನಲ್ಲಿ ಅವಳ ಬಾಯಿ ಅಲ್ಲಾಡುವುದು ಕಾಣುತ್ತದೆ. ಮೊದಲೆರಡು ದಿನ ಹತ್ತು ನಿಮಿಷಕ್ಕೊಮ್ಮೆ ನೋಡಿದೆ. ಈಗ ಹನ್ನೊಂದು ಗಂಟೆಗೆ ಒಮ್ಮೆ, ಅಷ್ಟೇ. ನೋಡದೆ ಇರಬಹುದು ಎನ್ನುವುದೇ ಈ ಕ್ಯಾಮೆರಾದಿಂದಾದ ಉಪಕಾರ. ಅದಕ್ಕಾಗಿ ಥ್ಯಾಂಕ್ಸ್ ಎಂದು ಬರೆಯಬೇಕು. ಬರೆದಿದ್ದೇನೆ.

ಒಮ್ಮೆ ಬಂದು ಹೋಗು ಎಂದು ನಾನು ಕರೆಯುವುದಿಲ್ಲ. ಬರುವುದಾದರೆ ಬಾಗಿಲು ಹಾಕುವುದೂ ಇಲ್ಲ.

ಅಕ್ಕ

---

ಏಪ್ರಿಲ್ 19

ಅಕ್ಕ,

ಮಂಗಳವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನೀನು ಅಪ್ಪನ ಕೆನ್ನೆಗೆ ಹೊಡೆದೆ. ಎರಡು ಸಲ. ಎರಡನೆಯ ಸಲ ಅವರು ಎಡಗೈಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು, ಅದನ್ನು ಸರಿಸಿ ಹೊಡೆದೆ.

ನಾನು ನೋಡಿದೆ. ಕ್ಯಾಮೆರಾವನ್ನು ನನ್ನ ಫೋನಿನಿಂದ ಶುರು ಮಾಡಿ ನಿನಗೆ ಕೊಟ್ಟಿದ್ದು. ಹಾಗಾಗಿ ನನಗೂ ಕಾಣುತ್ತದೆ.

ಐದು ದಿನದಿಂದ ಏಣಿಯ ಮೇಲೆ ನಿಂತಾಗಲೂ ಆ ಕೈಯೇ ಕಣ್ಣಿಗೆ ಬರುತ್ತದೆ. ಕಂಬ ಹತ್ತಿ ಹಾಸಿಗೆ ಹಿಡಿಯುವವರೆಗೂ ದುಡಿದ ಕೈ ಅದು. ಬೆಳಗಿನವಳ ಮೇಲೆ ನಿನಗೆ ಸಂಶಯವಿತ್ತು, ಅದಕ್ಕಾಗಿ ಇಷ್ಟೆಲ್ಲ ತಂತಿ ಎಳೆಸಿದೆ. ಅವಳು ಒಂದು ದಿನವೂ ಕೈ ಎತ್ತಲಿಲ್ಲ. ನೀನು ಎತ್ತಿದೆ. ಬಾಯಿ ಬಿಟ್ಟು ಹೇಳಲಾರದವರ ಮೇಲೆ ಕೈ ಮಾಡಲು ಹೇಗೆ ಮನಸ್ಸು ಬಂತು? ಇದು ಮೊದಲ ಸಲವಾ? ಕ್ಯಾಮೆರಾ ಬರುವುದಕ್ಕೆ ಮುಂಚೆ ಎಷ್ಟು ಸಲ?

ಸುಳ್ಳು ಹೇಳಬೇಡ.

ಗುಬ್ಬಿ

---

ಏಪ್ರಿಲ್ 24

ತಂಗಿಗೆ,

ಸುಳ್ಳು ಹೇಳುವುದಿಲ್ಲ. ಹೊಡೆದೆ. ಎರಡು ಸಲ ಎಂದು ನೀನು ಎಣಿಸಿದ್ದು ಸರಿ. ಕ್ಯಾಮೆರಾಕ್ಕೆ ಮುಂಚೆ ಒಂದು ಸಲ, ಕಳೆದ ವರ್ಷ, ತೊಡೆಯ ಮೇಲೆ. ಅದನ್ನು ಯಾರೂ ನೋಡಿರಲಿಲ್ಲ. ಈಗ ನಾನೇ ಹೇಳಿದ್ದೇನೆ, ಬರೆದಿಟ್ಟುಕೋ.

ಹಾಸಿಗೆಯ ಬಟ್ಟೆ ಬದಲಿಸಲು ಬಗ್ಗಿದ್ದೆ. ಕೂದಲು ಹಿಡಿದರು. ಬಲಗೈಯ ಬಲವೂ ಈಗ ಎಡಗೈಗೇ ಬಂದಿದೆ. ತಲೆ ಮಂಚದ ಪಟ್ಟಿಗೆ ಬಡಿಯಿತು. ಇದನ್ನು ಕಾರಣವೆಂದು ಹೇಳುತ್ತಿಲ್ಲ. ಹಾಗೆ ನೂರು ಸಲ ಹಿಡಿದಿದ್ದಾರೆ, ನೂರು ಸಲವೂ ಬಿಡಿಸಿಕೊಂಡು ಸುಮ್ಮನಾಗಿದ್ದೇನೆ. ಆ ಮಂಗಳವಾರ ವಿಶೇಷ ಏನೂ ಇರಲಿಲ್ಲ. ನನಗೆ ಹೆದರಿಕೆಯಾಗುವುದೂ ಅದಕ್ಕೇ.

ಈಗ ನಾನು ಕೇಳುತ್ತೇನೆ. ನಾಲ್ಕು ಹತ್ತಕ್ಕೆ ನೋಡಿದೆ. ಆಮೇಲೆ ನಾನು ಮಂಚದ ಕೆಳಗೆ ನೆಲಕ್ಕೆ ಕೂತದ್ದನ್ನು ನೋಡಿದೆಯಾ? ಎಷ್ಟು ಹೊತ್ತು ಕೂತಿದ್ದೆ ಎಂದು ನನಗೆ ಗೊತ್ತಿಲ್ಲ, ನಿನಗೆ ನಿಮಿಷ ಸಮೇತ ಗೊತ್ತಿರಬೇಕು. ಎದ್ದು ಅವರ ಮುಖ ತೊಳೆದದ್ದು, ಕೆನ್ನೆ ನೋಡಿದ್ದು, ಬಟ್ಟೆ ಬದಲಿಸುವುದನ್ನು ಮುಗಿಸಿದ್ದು, ಅದನ್ನೂ ನೋಡಿದೆಯಾ? ಆ ಹೊತ್ತಿಗೆಲ್ಲ ಫೋನು ನಿನ್ನ ಕೈಯಲ್ಲೇ ಇತ್ತಲ್ಲ. ಅದೇ ಫೋನಿನಿಂದ ಒಂದು ಕರೆ ಮಾಡಬಹುದಿತ್ತಲ್ಲ. ಆವತ್ತು ನಾನು ಎತ್ತುತ್ತಿದ್ದೆ. ನೀನು ಕಿರುಚಿದ್ದರೂ ಕೇಳಿಸಿಕೊಳ್ಳುತ್ತಿದ್ದೆ.

ನೀನು ಕಾಗದ ಬರೆದೆ. ಅದೂ ಐದು ದಿನ ಬಿಟ್ಟು.

ಇನ್ನೊಂದು. ಆ ಕೋಣೆಯಲ್ಲಿ ನಾನು ಬಟ್ಟೆ ಬದಲಿಸುತ್ತೇನೆ. ಅಪ್ಪ ಗೋಡೆ ಕಡೆ ತಿರುಗಿ ಮಲಗಿದಾಗ ಅಳುತ್ತೇನೆ. ಒಬ್ಬಳೇ ಮಾತಾಡಿಕೊಳ್ಳುತ್ತೇನೆ. ಒಬ್ಬಳೇ ಇದ್ದೇನೆ ಎಂದುಕೊಂಡಿದ್ದೆ. ಫೆಬ್ರವರಿಯಿಂದ ನೀನು ಬಾಗಿಲ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದೆ, 'ನನಗೂ ಕಾಣುತ್ತದೆ' ಎಂದು ಹೇಳಲು ಏಪ್ರಿಲ್ ಬರಬೇಕಾಯಿತು. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ನಿನ್ನದು ಬೆಟ್ಟವೂ ದೂರ, ಕಲ್ಲು ಎತ್ತುವವಳೂ ಬೇರೆ.

ಕ್ಯಾಮೆರಾ ಕಿತ್ತು ಡಬ್ಬಿಗೆ ಹಾಕಿದ್ದೇನೆ. ಬೆಳಗಿನ ಹೆಂಗಸನ್ನು ಇನ್ನು ಮೇಲೆ ಸುಮ್ಮನೆ ನಂಬುತ್ತೇನೆ.

ಅಕ್ಕ

---

ಮೇ 1

ಅಕ್ಕ,

ಕದ್ದು ನೋಡಬೇಕೆಂದು ಮಾಡಿದ್ದಲ್ಲ. ಮೊದಲ ದಿನ ಸರಿಯಾಗಿ ಕೂತಿದೆಯಾ ಎಂದು ತೆರೆದೆ. ಅಪ್ಪ ಕಂಡರು. ತೆಳ್ಳಗಾಗಿದ್ದಾರೆ, ಗಡ್ಡ ನೀಟಾಗಿತ್ತು. ಎರಡು ವರ್ಷದ ಮೇಲೆ ನೋಡಿದ್ದು. ಮುಚ್ಚಲಾಗಲಿಲ್ಲ. ಆಮೇಲೆ ರೂಢಿಯಾಯಿತು. ಅವರಿಗೆ ಮಧ್ಯಾಹ್ನದ ಊಟ ಕೊಡುವಾಗ ನಾನೂ ಡಬ್ಬಿ ಬಿಚ್ಚುತ್ತಿದ್ದೆ. ಕೆಲಸ ಮಾಡುವ ಕಟ್ಟಡದ ಮೆಟ್ಟಿಲ ಮೇಲೆ ಕೂತು, ಫೋನನ್ನು ಎದುರಿಗೆ ಒರಗಿಸಿಟ್ಟು, ಅವರು ಒಂದು ಚಮಚ ನುಂಗಿದರೆ ನಾನೊಂದು ತುತ್ತು. ಮನೆಯಲ್ಲಿದ್ದೇನೆ ಅನ್ನಿಸುತ್ತಿತ್ತು. ನಿನಗೆ ಹೇಳಿದರೆ ತೆಗೆದುಬಿಡುತ್ತೀಯ ಎಂದು ಹೇಳಲಿಲ್ಲ.

ನೀನು ನೆಲಕ್ಕೆ ಕೂತದ್ದನ್ನು ನೋಡಿದೆ. ಇಪ್ಪತ್ತೆರಡು ನಿಮಿಷ.

ಹೇಳಲೇಬೇಕಾದದ್ದು ಇನ್ನೊಂದಿದೆ. ಆವತ್ತೇ ಕರೆ ಮಾಡಿದ್ದೆ, ನಿನಗಲ್ಲ. ಹಿರಿಯರ ರಕ್ಷಣೆಯ ಕಚೇರಿಗೆ. ತಲೆ ಕೆಟ್ಟಿತ್ತು. ಹೆಸರು, ವಿಳಾಸ ಎಲ್ಲ ಕೊಟ್ಟೆ. ಮಾರನೆಯ ದಿನ ಬೇಡವೆಂದು ಹೇಳಲು ಹೋದರೆ, ಒಮ್ಮೆ ದಾಖಲಾದ ಮೇಲೆ ಬಂದು ನೋಡಲೇಬೇಕು ಎಂದರು. ಯಾರಾದರೂ ಬಂದರೆ ಅದು ನನ್ನಿಂದ.

ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ.

ಗುಬ್ಬಿ

---

ಮೇ 20

ತಂಗಿಗೆ,

ನಿನ್ನ ಕಾಗದಕ್ಕಿಂತ ಎರಡು ದಿನ ಮುಂಚೆಯೇ ಅವರು ಬಂದಿದ್ದರು. ಬೈಂಡು ಹಾಕಿದ ಪುಸ್ತಕ ಹಿಡಿದ ಒಬ್ಬ ಹೆಂಗಸು, ನನ್ನದೇ ವಯಸ್ಸು. ಬಾಗಿಲಲ್ಲೇ ವಿಷಯ ಹೇಳಿದಳು. ಒಳಗೆ ಕರೆದೆ.

ಅಪ್ಪನ ಮೈಯೆಲ್ಲ ನೋಡಿದಳು. ಬೆನ್ನು, ಸೊಂಟ, ಹಿಮ್ಮಡಿ. ಎರಡು ವರ್ಷ ಮಲಗಿದವರಿಗೆ ಒಂದು ಹುಣ್ಣೂ ಇಲ್ಲ ಎಂದು ಆಶ್ಚರ್ಯಪಟ್ಟು ಅದನ್ನೂ ಬರೆದುಕೊಂಡಳು. ಆಮೇಲೆ ನನ್ನನ್ನು ಹೊರಗೆ ನಿಲ್ಲಿಸಬೇಕಿತ್ತೇನೋ, ನಿಲ್ಲಿಸಲಿಲ್ಲ. ಮಂಚದ ಅಂಚಿಗೆ ಕೂತು ಅಪ್ಪನನ್ನು ಕೇಳಿದಳು: 'ನಿಮ್ಮನ್ನ ಯಾರಾದ್ರೂ ಹೊಡೀತಾರಾ, ಯಜಮಾನ್ರೇ?'

ಅಪ್ಪ 'ಗುಬ್ಬಿ' ಅಂದರು.

ಆಕೆ ಬರೆದುಕೊಂಡು, ಗುಬ್ಬಿ ಎಂದರೆ ಯಾರು ಎಂದು ಕೇಳಿದಳು. ಕಚೇರಿಗೆ ಫೋನು ಮಾಡಿದ ಮಗಳು ಕೊಟ್ಟ ಹೆಸರೂ ಅದೇ ಅಲ್ಲವೇ ಎಂದಳು. ನಾನು ಸುಮ್ಮನಿದ್ದಿದ್ದರೆ ಆ ಪುಸ್ತಕದಲ್ಲಿ ನಿನ್ನ ಹೆಸರೇ ಉಳಿಯುತ್ತಿತ್ತು. ಒಂದು ಕ್ಷಣ, ಸುಳ್ಳೇಕೆ ಹೇಳಲಿ, ಉಳಿಯಲಿ ಅನ್ನಿಸಿತು. 'ಅವ್ರು ನನ್ನನ್ನೇ ಹಾಗೆ ಕರೀತಾರೆ. ಹೊಡೆದೋಳು ನಾನು' ಅಂದೆ. ಆಕೆ ಹೊಡೆದುಹಾಕಿ ತಿದ್ದಿದಳು.

ಬೈದಿದ್ದರೆ ಜಗಳವಾಡಿ ಅಪ್ಪನನ್ನು ಉಳಿಸಿಕೊಳ್ಳುತ್ತಿದ್ದೆನೇನೋ. ಆಕೆ ಬೈಯಲಿಲ್ಲ. ರಾತ್ರಿ ಒಂದೇ ಸಮನೆ ಪೂರ್ತಿ ನಿದ್ದೆ ಮಾಡಿ ಎದ್ದದ್ದು ಯಾವಾಗ ಎಂದು ಕೇಳಿದಳು. ಅಳು ಬಂತು. ಕೆಲಸ ಹಂಚಿಕೊಳ್ಳಲು ಬೇರೆ ಯಾರಾದರೂ ಇದ್ದಾರಾ ಎಂದಳು. ಒಬ್ಬಳಿದ್ದಾಳೆ, ನಿಮ್ಮನ್ನು ಕಳಿಸಿದವಳು ಅವಳೇ ಎಂದೆ. ಆರೈಕೆ ಮನೆಯಲ್ಲಿ ಒಂದು ಹಾಸಿಗೆ ಖಾಲಿ ಇದೆ, ಬಲವಂತವಿಲ್ಲ, ಯೋಚಿಸಿ ಎಂದಳು. ಯೋಚಿಸಲಿಲ್ಲ. ಆಗಲೇ ಸಹಿ ಹಾಕಿದೆ.

ಹದಿನೈದನೇ ತಾರೀಕು ವ್ಯಾನು ಬಂತು. ಇಬ್ಬರು ಗಂಡಸರು ಸ್ಟ್ರೆಚರ್ ತಂದರು. ಕೋಣೆಯ ಬಾಗಿಲು ದಾಟುವಾಗ ಅಪ್ಪ ಎಡಗೈಯಿಂದ ಚೌಕಟ್ಟು ಹಿಡಿದುಕೊಂಡರು. ಅವರಿಬ್ಬರಿಂದಲೂ ಬಿಡಿಸಲಾಗಲಿಲ್ಲ. ಹೆಬ್ಬೆರಳಿನ ಸಂದಿಯಲ್ಲಿ ಮೆಲ್ಲಗೆ ಒತ್ತಿದರೆ ಆ ಮುಷ್ಟಿ ತಾನೇ ಬಿಚ್ಚಿಕೊಳ್ಳುತ್ತದೆ. ಆ ವಿದ್ಯೆ ನನಗೊಬ್ಬಳಿಗೇ ಗೊತ್ತಿದ್ದದ್ದು. ನಾನೇ ಒತ್ತಿದೆ.

ಈಗ ಲ್ಯಾಬಿಗೆ ಪೂರ್ತಿ ದಿನ ಹೋಗುತ್ತೇನೆ. ಹಿಂದಿನ ಕೋಣೆಯಲ್ಲಿ ಬೀದಿಗೇ ಆಗುವಷ್ಟು ಸಿಗ್ನಲ್ ಇದೆ. ಒಳಗೆ ಹೋಗುವವರಿಲ್ಲ.

ಅಕ್ಕ

---

ಮೇ 29

ಅಕ್ಕ,

ಹೀಗಾಗಲಿ ಎಂದು ನಾನು ಬಯಸಿರಲಿಲ್ಲ. ಯಾರಾದರೂ ಬಂದು ನಿನಗೆ ನಾಲ್ಕು ಮಾತು ಹೇಳಲಿ ಎಂದಿದ್ದೆ ಅಷ್ಟೇ. ಅಪ್ಪನನ್ನು ಅಪರಿಚಿತರ ನಡುವೆ ಹಾಕುವುದೆಂದರೇನು? ವಾಪಸು ಕರೆದುಕೊಂಡು ಬಾ. ತಿಂಗಳಿಗೆ ಎರಡು ಸಲ ನಾನು ಬರುತ್ತೇನೆ. ನನ್ನ ಹತ್ತಿರವೇ ಇಟ್ಟುಕೊಳ್ಳೋಣವೆಂದರೆ ಇರುವುದು ಒಂದೇ ಕೋಣೆ, ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ, ದಿನವಿಡೀ ಏಣಿಯ ಮೇಲಿನ ಕೆಲಸ. ನೀನೇ ಯೋಚಿಸು.

ಗುಬ್ಬಿ

---

ಜೂನ್ 14

ಅಕ್ಕ,

ನೀನು ಉತ್ತರ ಬರೆಯಲಿಲ್ಲ. ನನ್ನ ಹಿಂದಿನ ಕಾಗದವನ್ನು ಮತ್ತೆ ಮನಸ್ಸಿನಲ್ಲೇ ಓದಿಕೊಂಡೆ. ನೀನು ಬರೆಯದೆ ಇದ್ದದ್ದೇ ಸರಿ.

ಬರುವ ತಿಂಗಳು ಮೊದಲ ಭಾನುವಾರ ಬರುತ್ತಿದ್ದೇನೆ. ಆರೈಕೆ ಮನೆಗೆ ಫೋನು ಮಾಡಿ ಕೇಳಿದೆ, ಇಬ್ಬರನ್ನು ಒಟ್ಟಿಗೆ ಬಿಡುತ್ತಾರಂತೆ. ನೀನು ಬಾಗಿಲಲ್ಲಿ ಸಿಕ್ಕಿದರೆ ಜೊತೆಯಲ್ಲೇ ಒಳಗೆ ಹೋಗೋಣ. ಒಬ್ಬಳೇ ಹೋಗಲು ನನಗೆ ಧೈರ್ಯವಿಲ್ಲ.

ಗುಬ್ಬಿ

---

ಜೂನ್ 22

ತಂಗಿಗೆ,

ನಾನು ಜೊತೆಗೆ ಬರುವುದಿಲ್ಲ. ಭಾನುವಾರ ಭೇಟಿಯ ಹೊತ್ತು ಎರಡಿವೆ, ಬೆಳಗ್ಗೆ ಹತ್ತರಿಂದ ಹನ್ನೆರಡು, ಸಂಜೆ ನಾಲ್ಕರಿಂದ ಆರು. ಬೆಳಗಿನದು ನೀನು ತೆಗೆದುಕೋ. ಸಂಜೆಯದು ನನಗಿರಲಿ. ನಿನ್ನನ್ನು ಎದುರಿಗೆ ಕಂಡರೆ ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ, ಅಪ್ಪನ ಮುಂದೆ ಅದು ಬೇಡ.

ಧೈರ್ಯವಿಲ್ಲ ಎಂದಿದ್ದೀಯ. ಧೈರ್ಯ ಬೇಕಾಗುವುದಿಲ್ಲ, ಮಾಡುವುದು ಗೊತ್ತಿದ್ದರೆ ಸಾಕು. ಬರೆಯುತ್ತೇನೆ, ಓದಿಕೊಂಡು ಹೋಗು.

ಉದ್ದನೆಯ ಹಾಲ್, ಹನ್ನೆರಡು ಮಂಚ. ಅವರದು ಎಡಸಾಲಿನಲ್ಲಿ ಐದನೆಯದು. ಬಲಗಡೆಯಿಂದ ಹೋಗಿ ನಿಂತರೆ ಅವರಿಗೆ ಕಾಣುವುದಿಲ್ಲ, ಆ ಕಡೆಯ ನೋಟ ಹೋಗಿದೆ. ತಟ್ಟನೆ ಮುಟ್ಟಿದರೆ ಬೆಚ್ಚುತ್ತಾರೆ. ಎಡಗಡೆಯಿಂದ ಹೋಗಿ ಸ್ಟೂಲು ಎಳೆದುಕೊಂಡು ಅವರ ಮುಖದ ಮಟ್ಟಕ್ಕೆ ಕೂತುಕೋ. ಮಾತು ಶುರು ಮಾಡಲು ಅವಸರ ಬೇಡ.

ಹತ್ತೂವರೆಗೆ ಗಂಜಿ ಕೊಡುತ್ತಾರೆ. ಕೇಳಿದರೆ ಬಟ್ಟಲು ನಿನ್ನ ಕೈಗೇ ಕೊಡುತ್ತಾರೆ. ತಲೆ ಕೊಂಚ ಮುಂದಕ್ಕೆ ಬಾಗಿರಬೇಕು, ಹಿಂದಕ್ಕೆ ಒರಗಿದ್ದರೆ ನೆತ್ತಿಗೇರುತ್ತದೆ. ಅರ್ಧ ಚಮಚ, ಎಡದವಡೆಗೆ. ಗಂಟಲು ಒಮ್ಮೆ ಮೇಲೆದ್ದು ಇಳಿಯುವುದನ್ನು ನೋಡಿಕೊಂಡು ಆಮೇಲೆ ಇನ್ನೊಂದು. ಬಲಗೆನ್ನೆಯಲ್ಲಿ ಒಂದಿಷ್ಟು ಉಳಿದಿರುತ್ತದೆ. ಅವರಿಗೆ ಗೊತ್ತಾಗುವುದಿಲ್ಲ. ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ತೆಗೆ. ಅಸಹ್ಯಪಡಬೇಡ, ಪಟ್ಟರೂ ಮುಖದಲ್ಲಿ ತೋರಿಸಬೇಡ, ಅವರು ಮುಖವನ್ನೇ ನೋಡುತ್ತಿರುತ್ತಾರೆ.

ಬಲಗೈ ಹೊದಿಕೆಯ ಕೆಳಗೆ ಮಡಿಸಿಕೊಂಡಿರುತ್ತದೆ. ಮೆಲ್ಲಗೆ ಬಿಡಿಸಿ ಬೆರಳುಗಳನ್ನು ಒಂದೊಂದಾಗಿ ನೀವಿ ಚಾಚು. ಅಲ್ಲಿನವರಿಗೆ ಅಷ್ಟು ಬಿಡುವಿರುವುದಿಲ್ಲ. ನನಗೆ ಸಂಜೆ ಸಿಗುವುದು ಎರಡೇ ಗಂಟೆ.

ನಿನ್ನನ್ನು ಗುರುತು ಹಿಡಿಯುತ್ತಾರೋ ಇಲ್ಲವೋ, ನನಗೆ ತಿಳಿಯದು. ಹಿಡಿದರೆ ನನಗೆ ಬರೆಯಬೇಡ.

ಹನ್ನೆರಡಕ್ಕೆ ಗಂಟೆ ಹೊಡೆಯುತ್ತಾರೆ. ಕದ್ದು ಎದ್ದು ಬರಬೇಡ. ಹೋಗಿ ಬರುತ್ತೇನೆ ಎಂದು ಎಡಗಿವಿಯ ಹತ್ತಿರ ಬಾಯಿಬಿಟ್ಟು ಹೇಳಿ ಏಳು. ಹೇಳದೆ ಎದ್ದರೆ ಬಾಗಿಲನ್ನೇ ನೋಡುತ್ತಾ ಇರುತ್ತಾರೆ. ಸಂಜೆ ನಾನು ಹೋಗುವವರೆಗೂ ನೋಡುತ್ತಲೇ ಇರುತ್ತಾರೆ.

ಅಕ್ಕ